ಹನ್ನೆರಡು ವೋಲ್ಟಿನ ನಕ್ಷತ್ರ

ಮೊದಲು ಇದು ಗೋಣಿಕೊಪ್ಪದ ಬೇಕರಿಯ ಬ್ರೆಡ್ಡಿನ ಗಾಡಿ.
ಈಗಲೂ ಮಳೆಗಾಲ ಕಳೆದು ಹಿಂಬಾಗಿಲು ತೆಗೆದರೆ
ಹಳೆಯ ಬನ್ನಿನ ವಾಸನೆ
ನಮ್ಮನ್ನು ದಾಟಿಕೊಂಡು ಹೊರಗೆ ಹೋಗುತ್ತದೆ.

ಇನಾಸ್ ಅದರೊಳಗೆ ಮಂಚ ಕೂರಿಸಿದ, ಮಂಚದಡಿ ಸ್ಪ್ಯಾನರು,
ಸ್ಪ್ಯಾನರಿನ ಪಕ್ಕ ನನ್ನ ಅಕ್ಕಿ ಡಬ್ಬ.
ಕಿಟಕಿ ಕೊರೆದ, ಸೊಟ್ಟ.
"ಓಡುವಾಗ ಯಾರಿಗೆ ಗೊತ್ತಾಗ್ತದೆ" ಅಂದ.
ನಿಂತಾಗ ಗೊತ್ತಾಗುತ್ತದೆ. ನವೆಂಬರಿನಿಂದ ಫೆಬ್ರವರಿ ತನಕ
ನಾವು ನಿಲ್ಲುವುದೇ ಹೆಚ್ಚು:
ಅಮ್ಮತ್ತಿ, ಸಿದ್ದಾಪುರ, ಪಾಲಿಬೆಟ್ಟ, ಮತ್ತೆ ಪಾಲಿಬೆಟ್ಟ.
ಎಲ್ಲಿ ಪಲ್ಪರು ಕೆಟ್ಟಿತೋ ಅದೇ ನಮ್ಮೂರು.
ಕಾಫಿ ಹಬ್ಬ ನೋಡಿಕೊಂಡು ಹಣ್ಣಾಗುವುದಿಲ್ಲ.

ಮೂರು ಡಿಸೆಂಬರು ಸಿಂಗಾರದ ಗೋಜಿಗೆ ಹೋಗಿರಲಿಲ್ಲ.
ಈ ಸಲ, ಇಪ್ಪತ್ಮೂರರ ಸಂಜೆ, ರೈಟರ್ ಪೂವಣ್ಣನವರನ್ನು ಕೇಳಿ
ಸಿಲ್ವರ್ ಓಕಿನ ಒಂದು ರೆಂಬೆ ತಂದೆ.
ಸೂಜಿ ಹಿಡಿದು ಕಾಫಿ ಹಣ್ಣಿನ ಸರ ಮಾಡಿದೆ
(ಮರುದಿನವೇ ಹುಳಿ ನಾತ. ಇರಲಿ, ಕೆಂಪಂತೂ ಕೆಂಪು).
ಓಡುವ ಮನೆಯಲ್ಲಿ ತೂಗುಹಾಕಿದ್ದೆಲ್ಲ
ತಿರುವಿಗೊಮ್ಮೆ ಹಣೆಗೆ ಬಡಿಯುತ್ತದೆ,
ಎಲ್ಲವನ್ನೂ ಗೋಣಿದಾರದಲ್ಲಿ ಬಿಗಿದೆ.
ಗೋದಲಿಗೆ ಡ್ಯಾಶ್‌ಬೋರ್ಡು. ಜೋಸೆಫನ ಕಾಲಿಗೆ ಎಂ-ಸೀಲ್,
ಮರಿಯಮ್ಮನ ಮಂಡಿಗೆ ಎಂ-ಸೀಲ್, ಹಸುವಿಗೆ ನಾಲ್ಕು ಕಡೆ.
ಕೂಸನ್ನು ಮಾತ್ರ ಈಗಲೇ ಮಲಗಿಸುವಂತಿಲ್ಲ.
ಅದು ಆರ್‌ಸಿ ಪುಸ್ತಕದ ಜೊತೆ
ಇನ್ಶೂರೆನ್ಸಿನ ಕಾಗದ ಹೊದ್ದು ಮುಂದಿನ ಗೂಡಿನಲ್ಲಿತ್ತು.

ನಕ್ಷತ್ರ ಇನಾಸನದು. ಓಟೆಯ ಸೀಳು, ಕೆಂಪು ಕಾಗದ,
ಒಳಗೊಂದು ಇಂಡಿಕೇಟರ್ ಬಲ್ಬು, ಬ್ಯಾಟರಿಗೆ ವೈರು.
"ಹತ್ತು ನಿಮಿಷ ಉರಿಸು, ಆರಿಸು. ಹನ್ನೆರಡೇ ವೋಲ್ಟು.
ಹಬ್ಬದ ಬೆಳಿಗ್ಗೆ ವಿರಾಜಪೇಟೆಗೆ ಪೂಜೆಗೆ ಹೋಗ್ಲಿಕ್ಕುಂಟು."

ಇಪ್ಪತ್ನಾಲ್ಕರ ರಾತ್ರಿ ಹನ್ನೊಂದಕ್ಕೆ ಪಲ್ಪರು ಉಸಿರಾಡಿತು.
ಇನಾಸ್ ಕೈ ಕೂಡ ತೊಳೆಯದೆ ನಿದ್ದೆಹೋದ.
ನಾನು ಸ್ವಿಚ್ಚಿಗೆ ಕೈ ಹಾಕಿದ್ದೆ.
ಕಣದ ಕಾವಲಿನ ಬೊಳ್ಳ ಕಂಬಳಿಯೊಳಗಿಂದ
"ಇರಲಿ ಅಕ್ಕ" ಅಂದ,
"ಇವತ್ತು ಕಣ ಆ ತುದಿ ತನಕ ಕಾಣ್ತದೆ."
ಹೋದ ವಾರ ಎರಡು ಮೂಟೆ ಕಾಣೆಯಾಗಿದ್ದವು,
ಅವನ ಕೂಲಿಯಲ್ಲಿ ಮುರಿದುಕೊಂಡಿದ್ದರು.
ಟಾರ್ಪಾಲಿನ ಮೇಲೆ, ಇಬ್ಬನಿಯ ಮೇಲೆ, ಅವನ ಬೀಡಿಯ ಹೊಗೆಯ ಮೇಲೆ
ಕುಂಕುಮ ಕದಡಿದ ನೀರಿನ ಹಾಗೆ ಬೆಳಕು.
ಇರಲಿ, ಅಂದೆ ನಾನೂ.
ಮುಂದಿನ ಪಾಪನಿವೇದನೆಗೆ ಒಂದು ಸಿಕ್ಕಿತು.

ಬೆಳಿಗ್ಗೆ ಕೀಲಿ ತಿರುಗಿಸಿದರೆ, ಟಿಕ್.
ಇನ್ನೊಮ್ಮೆ, ಟಿಕ್.
ಇನಾಸ್ ನನ್ನ ಮುಖ ನೋಡಿದ.
ನಾನು ಹಸುವಿನ ಮುಖ ನೋಡಿದೆ.

ಕಾಫಿ ಕುಯ್ಯಲು ಬಂದ ಹೆಂಗಸರು ಚೀಲ ಕೆಳಗಿಟ್ಟರು.
ಕಿಲೋ ಲೆಕ್ಕದ ಕೂಲಿ, ನಿಮಿಷಕ್ಕೂ ತೂಕವಿದೆ.
ಆದರೂ ಹದಿನಾಲ್ಕು ಜನ ಹಿಂದೆ ನಿಂತರು,
ಐಸಾ ಅಂದದ್ದು ಒಬ್ಬಳು, ನಕ್ಕದ್ದು ಎಲ್ಲರೂ.
ಗಾಡಿ ಕಣಕ್ಕೆ ಒಂದು ಸುತ್ತು ಬಂದು ಇಳಿಜಾರಿಗೆ ಬಿತ್ತು,
ಕೆಮ್ಮಿತು, ಹಿಡಿಯಿತು.

ಉಳಿದವರು ನಿಂತರು. ಫೂಲ್‌ಮನಿ ಓಡುತ್ತಲೇ ಬಂದಳು,
ಜಾರ್ಖಂಡಿನವಳು, ಈ ಕುಯ್ಲಿಗಷ್ಟೇ ಬಂದವಳು.
ಸೊಟ್ಟ ಕಿಟಕಿಯ ಆಚೆ ಅವಳ ಕೈ
ಹಣೆಗೆ, ಎದೆಗೆ, ಆ ಭುಜಕ್ಕೆ, ಈ ಭುಜಕ್ಕೆ.
ಅಯ್ಯೋ, ಇವಳಿಗೂ ಇವತ್ತೇ.
"ನಿಲ್ಲಿಸು" ಅಂದೆ.
"ನಿಲ್ಲಿಸಿದ್ರೆ ಮತ್ತೆ ಹೊರಡೋದಿಲ್ಲ" ಅಂದ ಇನಾಸ್,
ಕಾಲು ಎಕ್ಸಲರೇಟರಿನ ಮೇಲೆ, ಕಣ್ಣು ಗೇಟಿನ ಮೇಲೆ.
ಕಿಡಿಯೊ ತುಂಬಿದ ಡಬ್ಬ ಹೊರಗೆ ಚಾಚಿದೆ, ಬಿಟ್ಟೆ.
ಅವಳ ಕೈಗೆ ಸಿಕ್ಕಿತೋ, ಕಾಫಿ ಗಿಡದಡಿ ಉರುಳಿತೋ,
ಮಂಜು ಕಾಣಗೊಡಲಿಲ್ಲ.

ಅಮ್ಮತ್ತಿ ದಾಟುವಾಗ ನೆನಪಾಯಿತು.
ಗೂಡು ತೆಗೆದು, ಕಾಗದ ಸರಿಸಿ, ಕೂಸನ್ನು ಎತ್ತಿಕೊಂಡೆ.
ಎಂ-ಸೀಲ್ ನಾದುತ್ತ ನಾದುತ್ತ ಎರಡು ತಿರುವು ಕಳೆಯಿತು.
ಮಲಗಿಸಿ, ಹೆಬ್ಬೆರಳಲ್ಲಿ ಒತ್ತಿ ಹಿಡಿದೆ.
ಎಂಜಿನ್ನು ಓಡುತ್ತಿತ್ತಲ್ಲ, ನಕ್ಷತ್ರ ಮತ್ತೆ ಹೊತ್ತಿತ್ತು,
ಹಾಡುಹಗಲಲ್ಲಿ, ಯಾರಿಗೂ ಬೇಡದ ಹಾಗೆ.
"ಆರಿಸ್ಲಾ?" ಅಂದೆ.
ಇನಾಸ್ ಏನೂ ಹೇಳಲಿಲ್ಲ.
ಇಗರ್ಜಿಯ ಗಂಟೆ ಕೇಳುವ ತನಕ
ನಾನು ಬೆರಳು ತೆಗೆದಿರಲಿಲ್ಲ.